ಗೆರೆ ಮಾಮನಿಗೆ ಬೈಯಬೇಕಿತ್ತು

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುಖ ಗಂಟು ಹಾಕಿಕೊಳ್ಳುವುದು ಬೇಡ. ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೌಂಟರ್ ನನ್ನದು. ಬೆಳಗ್ಗೆ ಎಂಟಕ್ಕೆ ಕಿಟಕಿ ತೆಗೆದರೆ ಸಾಲು ಮುರಿದವರಿಗೆ, ಹಳೆಯ ಚೀಟಿ ಮನೆಯಲ್ಲಿ ಮರೆತು ಬಂದವರಿಗೆ, ಒಬ್ಬ ರೋಗಿಯ ಜೊತೆ ಐದು ಜನ ಬಂದು ಕಿಟಕಿಗೆ ಮುತ್ತುವವರಿಗೆ ಮಧ್ಯಾಹ್ನದವರೆಗೂ ಬೈಯುತ್ತಲೇ ಇರುತ್ತೇನೆ. ಒಂದೆರಡು ಸಲ ಡಾಕ್ಟರಿಗೂ ಬೈದದ್ದುಂಟು. ಈ ಗುಣಕ್ಕೆ ‘ಗಯ್ಯಾಳಿ’ ಎಂದು ಹೆಸರಿಟ್ಟು, ಆ ಹೆಸರನ್ನು ಮುದ್ದಿನಿಂದ ಕರೆಯುತ್ತಿದ್ದವನು ಒಬ್ಬನೇ ಒಬ್ಬ, ನನ್ನಮ್ಮನ ತಮ್ಮ. ಅವನು ಸಾಯುವ ಮುಂಚೆ ನನ್ನಿಂದ ಬೇಡಿದ್ದು ಒಂದೇ ಒಂದು ಬೈಗುಳ. ಊರಿಗೆಲ್ಲ ಧಾರಾಳವಾಗಿ ಹಂಚುವವಳು ಅವನಿಗೆ ಮಾತ್ರ ಕೊಡಲಿಲ್ಲ.

ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಊರೆಲ್ಲ ಅವನನ್ನು ಗೆರೆ ಮಾಮ ಅನ್ನುತ್ತಿತ್ತು. ಸ್ಕೇಲು ಮುಟ್ಟುತ್ತಿರಲಿಲ್ಲ. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಎರಡು ತುದಿ ಬಿಗಿಹಿಡಿದು, ನಡುವೆ ಎಳೆದು ಟಪ್ ಎಂದು ಬಿಟ್ಟರೆ ಹಲಗೆಯ ಮೇಲೆ ಗೆರೆ ಮೂಡುತ್ತಿತ್ತು. ಸೊಟ್ಟ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ಕೂರುತ್ತಿದ್ದ. ನಾನು ಚಿಕ್ಕವಳಿದ್ದಾಗ ಸ್ಕೂಲಿಗೆ ಹೊರಟವಳನ್ನು ಬಾಗಿಲಲ್ಲೇ ಹಿಡಿದು, “ಬಾರೇ ಇಲ್ಲಿ, ಬೈತಲೆ ನೋಡು, ಕುಡಿದವನು ನಡೆದ ಹಾಗಿದೆ” ಎಂದು ಬಾಚಣಿಗೆಯ ತುದಿಯಿಂದ ತಿದ್ದುತ್ತಿದ್ದ. ಮದುವೆಯಾಗಲಿಲ್ಲ. ಎರಡು ಬೀದಿ ಆಚೆ, ಪೇಂಟ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ. ಸಂಜೆ ಊಟ ಮಾತ್ರ ನಮ್ಮ ಮನೆಯಲ್ಲಿ.

ಭಾನುವಾರ ಬೆಳಗ್ಗೆ ಮೈದಾನದಲ್ಲಿ ಗೆರೆ ಹಾಕುವ ಕೆಲಸವೂ ಅವನದೇ. ಸಂಬಳವಿಲ್ಲ, ಗೌರವ ಇತ್ತು. ನಾಲ್ಕು ಮೂಲೆಯಲ್ಲಿ ನಾಲ್ಕು ಕಬ್ಬಿಣದ ಗೂಟ. ಗೂಟದಿಂದ ಗೂಟಕ್ಕೆ ದಾರ ಬಿಗಿದು, ತಳದಲ್ಲಿ ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ, ಬೆನ್ನು ಬಗ್ಗಿಸಿ, ದಾರದ ಪಕ್ಕದಲ್ಲೇ ಹಿಂದೆ ಹಿಂದೆ ನಡೆಯುತ್ತಿದ್ದ. ಅವನು ಮುಗಿಸುವವರೆಗೂ ಆಟಗಾರರು ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಆಗ ನಮ್ಮಲ್ಲಿ ಇದ್ದದ್ದು ಒಂದೇ ಫುಟ್‌ಬಾಲ್ ಲೀಗ್. ಊರ ನಡುವಿನ ಸೇತುವೆಯ ಆಚೆಯವು, ಈಚೆಯವು ಸೇರಿ ಎಂಟು ತಂಡ. ಆಡುವವರೆಲ್ಲ ವಾರವಿಡೀ ದುಡಿಯುವ ಜನ. ನನ್ನಪ್ಪ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ; ಈಚೆಯ ಒಂದು ತಂಡದ ಗೋಲ್‌ಕೀಪರ್, ನಾಯಕನೂ ಅವನೇ. ಆಚೆಯ ಒಂದು ತಂಡದ ನಾಯಕ ಸಿಟಿ ಬಸ್ಸಿನ ಡ್ರೈವರ್. ನಾನು ಅವನನ್ನು ಚಿಕ್ಕಪ್ಪ ಎಂದೇ ಕರೆಯುತ್ತಿದ್ದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ ಒಂದೇ ಪರೀಕ್ಷೆಯಲ್ಲಿ ಫೇಲಾದವರು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬೇಕರಿಯ ಮುಂದೆ ಬಸ್ಸು ನಿಧಾನ ಮಾಡಿ ಚಿಕ್ಕಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಒಳಗಿನಿಂದಲೇ ಖಾಲಿ ಟ್ರೇ ಮೇಲೆ ಇಕ್ಕಳದಿಂದ ಎರಡು ಸಲ ಬಡಿಯುತ್ತಿದ್ದ. ಬಸ್ಸಿನಲ್ಲಿ ಕೂತವರಿಗೂ ಇದು ಗೊತ್ತಿತ್ತು.

ಆ ಲೀಗಿನಲ್ಲಿ ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಎರಡೂ ತಂಡದ ನಾಯಕರು ಮೈದಾನದ ನಲ್ಲಿಯ ಹತ್ತಿರ ಹೋಗಿ ಚೆಂಡು ತೊಳೆಯಬೇಕು. ಸೋತವನು ಚೊಂಬಿನಿಂದ ನೀರು ಹಾಕಬೇಕು, ಗೆದ್ದವನು ಕೂತು ಕೆಸರು ಉಜ್ಜಬೇಕು. ಗೆದ್ದ ಕೊಬ್ಬು ಇಳಿಯಲಿ ಅಂತ ಹಳಬರು ಮಾಡಿದ್ದಂತೆ. ಅಪ್ಪ ಸೋತಾಗಲೆಲ್ಲ ಬೇಕೆಂದೇ ಚಿಕ್ಕಪ್ಪನ ತಲೆಯ ಮೇಲೆ ನೀರು ಸುರಿಯುತ್ತಿದ್ದ. “ಚೆಂಡು ಇಲ್ಲಿದೆಯಲ್ಲೋ ಕುರುಡ!” ಎಂದು ಚಿಕ್ಕಪ್ಪ ಕಿರುಚಿದರೆ ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಷ್ಟೇ ಕಾಲು ತುಳಿದಾಡಿದ್ದರೂ, ಎಷ್ಟೇ ಬೈದಾಡಿದ್ದರೂ, ಚೆಂಡು ತೊಳೆದ ಮೇಲೆ ಎಲ್ಲ ಮುಗಿಯಿತು.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಭಾನುವಾರ ಯಾರೂ ಚೆಂಡು ತೊಳೆಯಲಿಲ್ಲ.

ಹಿಂದಿನ ದಿನ ಮಳೆ ಬಂದು ಮೈದಾನ ಕೆಸರಾಗಿತ್ತು. ಕೊನೆಯ ಪಂದ್ಯ, ಎರಡೂ ಕಡೆ ಗೋಲಿಲ್ಲ, ಇನ್ನೇನು ಮುಗಿಯಬೇಕು. ಚಿಕ್ಕಪ್ಪ ಒದ್ದ ಚೆಂಡಿಗೆ ಅಪ್ಪ ಎಡಗಡೆ ಹಾರಿದ, ಕೈಗೆ ತಗುಲಿದ ಚೆಂಡು ಕಂಬದ ಹತ್ತಿರ ಕೆಸರಲ್ಲಿ ನಿಂತಿತು. ಅಪ್ಪ ಅದನ್ನು ಎದೆಗೆ ಎಳೆದುಕೊಂಡ. ಗೆರೆ ದಾಟಿದೆ ಎಂದ ಚಿಕ್ಕಪ್ಪ. ಇಲ್ಲವೇ ಇಲ್ಲ ಎಂದ ಅಪ್ಪ. ರೆಫ್ರಿ ದೂರದಲ್ಲಿ ಜಾರಿ ಬಿದ್ದಿದ್ದ. ಎದ್ದು ಬಂದವನು ಗೋಲ್ ಕೊಟ್ಟ. ಅಲ್ಲಿಂದ ಶುರುವಾಯಿತು. “ನನ್ನ ಮಕ್ಕಳಾಣೆ, ದಾಟಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಸುಳ್ಳು ಹೇಳಬೇಡ” ಎಂದ ಚಿಕ್ಕಪ್ಪ. ಅಪ್ಪನ ಕೈ ಅವನ ಕೊರಳಪಟ್ಟಿಗೆ ಹೋಯಿತು. ಆಮೇಲೆ ಜನ ನುಗ್ಗಿದರು. ಒಬ್ಬನ ಹಲ್ಲು, ಇನ್ನೊಬ್ಬನ ತೋಳು ಮುರಿಯಿತು. ಚೆಂಡು ನಲ್ಲಿಯ ಹತ್ತಿರ ಕೆಸರು ಮೆತ್ತಿಕೊಂಡು ಬಿದ್ದಿತ್ತು. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಮನೆಗೆ ಬಂದಳು.

ಮುಂದಿನ ವರ್ಷಕ್ಕೆ ಲೀಗ್ ಎರಡಾಯಿತು. ಆಚೆ ಲೀಗ್, ಈಚೆ ಲೀಗ್. ಮೈದಾನ ಒಂದೇ, ಅವರಿಗೊಂದು ಭಾನುವಾರ, ಇವರಿಗೊಂದು ಭಾನುವಾರ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ. ಆಚೆಯವರು ಆಡಿದ ಮರುವಾರ ಈಚೆಯವರು ಗೋಲ್‌ಕಂಬ ತೊಳೆದು ಆಡುತ್ತಿದ್ದರು, ಅಷ್ಟು ಮಡಿ! ಬಸ್ಸು ಬೇಕರಿಯ ಮುಂದೆ ಸುಮ್ಮನೆ ಹೋಗತೊಡಗಿತು. ಅದು ಬರುವ ಹೊತ್ತಿಗೆ ಅಪ್ಪ ಏನೋ ಕೆಲಸ ಹುಡುಕಿಕೊಂಡು ಹಿಟ್ಟಿನ ಕೋಣೆಗೆ ಹೋಗಿಬಿಡುತ್ತಿದ್ದ.

ಅಪ್ಪನನ್ನು ಒಳಗೊಳಗೇ ತಿಂದದ್ದು ಸೋಲಲ್ಲ. ಸುಳ್ಳುಗಾರ ಅನ್ನಿಸಿಕೊಂಡದ್ದು, ಅದೂ ಅವನ ಬಾಯಿಂದ. ಅಪ್ಪ ಒಂದು ಬನ್ನು ಸುಟ್ಟರೂ ಗಿರಾಕಿಗೆ ಹೇಳಿಯೇ ಕೊಡುವವನು. ಮನೆಯ ಮೇಜಿನ ಮೇಲೆ ಅಮ್ಮ ಹಿಟ್ಟು ಕಲಸುವಾಗ ಅವನು ಬೆರಳಿನಿಂದ ಹಿಟ್ಟಿನಲ್ಲೊಂದು ಗೆರೆ ಎಳೆದು, ಅದರ ಮೇಲೆ ಬನ್ನಿಟ್ಟು ತೋರಿಸುತ್ತಿದ್ದ. “ನೋಡು ಮಗಳೇ, ಗೆರೆ ಇದು. ಚೆಂಡು ಇಲ್ಲಿತ್ತು. ಗೆರೆ ಮೇಲೇ ಇತ್ತು. ದಾಟಿತ್ತಾ? ನೀನೇ ಹೇಳು.” ನಾನು ಇಲ್ಲಪ್ಪ ಅನ್ನುತ್ತಿದ್ದೆ. ನನಗೆ ಹನ್ನೆರಡಾದಾಗಲೂ, ಇಪ್ಪತ್ತಾದಾಗಲೂ ಅದನ್ನೇ ಕೇಳಿದ. ಊಟಕ್ಕೆ ಬಂದ ಗೆರೆ ಮಾಮ ಎದುರು ಕುರ್ಚಿಯಲ್ಲೇ ಕೂತಿರುತ್ತಿದ್ದ. ಸ್ವಲ್ಪ ಹೊತ್ತು ಆ ಹಿಟ್ಟನ್ನೇ ನೋಡಿ, ಅಂಗೈಯಿಂದ ಗೆರೆ ಒರೆಸಿಬಿಡುತ್ತಿದ್ದ. “ಬಿಡಿ ಭಾವ, ಹಳೇದು. ಊಟ ಆರಿಹೋಗುತ್ತೆ” ಅನ್ನುತ್ತಿದ್ದ.

ಎರಡು ಲೀಗನ್ನೂ ಒಂದು ಮಾಡಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡೂ ಕಡೆಗೆ ಗೆರೆ ಹಾಕುತ್ತಿದ್ದವನು ಅವನೊಬ್ಬನೇ, ಹಾಗಾಗಿ ಎರಡೂ ಕಡೆ ಅವನಿಗೆ ಬಾಗಿಲು ತೆರೆದಿತ್ತು. ಸ್ನೇಹದ ಪಂದ್ಯ ಅಂತ ಬಣ್ಣಬಣ್ಣದ ಬೋರ್ಡ್ ಬರೆದು ಸೇತುವೆಗೆ ಕಟ್ಟಿದ. ಮೂರು ಸಲ ಸ್ನೇಹದ ಪಂದ್ಯ ನಡೆಯಿತು, ಮೂರು ಸಲವೂ ಬಡಿದಾಡಿಕೊಂಡೇ ಮುಗಿಯಿತು. ಚಿಕ್ಕಪ್ಪನ ಮನೆಗೆ ಹೋಗಿ ಕಾಲು ಹಿಡಿಯುವಷ್ಟು ಬೇಡಿಕೊಂಡ. “ಅವನು ಸುಳ್ಳು ಹೇಳಿದೆ ಅಂತ ಒಪ್ಪಿಕೊಳ್ಳಲಿ, ನಾಳೆಯೇ ಬರ್ತೀನಿ” ಅಂದನಂತೆ ಚಿಕ್ಕಪ್ಪ. ಅಪ್ಪನೂ ಅದನ್ನೇ ಅಂದ. ಗೆರೆ ಮಾಮ ಸೇತುವೆಯ ಮೇಲೆ ಆಚೆಯಿಂದ ಈಚೆ, ಈಚೆಯಿಂದ ಆಚೆ ಓಡಾಡಿ ಚಪ್ಪಲಿ ಸವೆಸಿದ. ಎಂಥ ದೊಡ್ಡ ಮನಸ್ಸು, ದೇವರಂಥ ಮನುಷ್ಯ ಎಂದು ಊರು ಕೊಂಡಾಡಿತು. ನಾನೂ ಕೊಂಡಾಡಿದೆ, ನನ್ನ ಬಾಯಿಗೆ ಮಣ್ಣು ಹಾಕ!

ಹೀಗೇ ಹದಿನೆಂಟು ವರ್ಷ ಹೋಯಿತು. ಒಂದು ಬೆಳಗ್ಗೆ, ಎರಡನೇ ಸುತ್ತಿನ ಬ್ರೆಡ್ಡು ಒಲೆಯೊಳಗಿರುವಾಗ, ಅಪ್ಪ ಎದೆ ಹಿಡಿದುಕೊಂಡು ಹಿಟ್ಟಿನ ಮೂಟೆಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಬ್ರೆಡ್ಡು ಸುಟ್ಟ ವಾಸನೆ ಬಂದು ಅಕ್ಕಪಕ್ಕದವರು ಓಡಿ ಬಂದದ್ದು.

ಚಿಕ್ಕಪ್ಪ ಬಂದಿದ್ದ. ರಸ್ತೆಯ ಆ ಬದಿಯಲ್ಲಿ, ಡ್ರೈವರ್ ಅಂಗಿಯಲ್ಲೇ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಬರಲಿಲ್ಲ. ನಾವೂ ಕರೆಯಲಿಲ್ಲ. ಅಪ್ಪನನ್ನು ಎತ್ತಿಕೊಂಡು ಹೋಗುವವರೆಗೂ ಅಲ್ಲೇ ನಿಂತು, ಆಮೇಲೆ ತಲೆ ತಗ್ಗಿಸಿಕೊಂಡು ಹೋದ. ಗೆರೆ ಮಾಮ ಅದನ್ನು ಬಾಗಿಲಲ್ಲಿ ನಿಂತು ನೋಡಿದ.

ಮೂರು ವಾರದ ಮೇಲೆ ಸೇತುವೆಯ ಕಂಬಿಗೆ ಅವನೊಂದು ಬೋರ್ಡ್ ಕಟ್ಟಿದ. ಬಣ್ಣ ಗಿಣ್ಣ ಏನಿಲ್ಲ, ಕಪ್ಪಿನ ಮೇಲೆ ಬಿಳಿ. ‘ಎರಡೂ ಲೀಗಿನವರು ಭಾನುವಾರ ಬೆಳಗ್ಗೆ ಮೈದಾನಕ್ಕೆ ಬನ್ನಿ. ಆ ಗೋಲಿನ ವಿಷಯ.’ ಜನ ಬಾರದೆ ಇರುತ್ತಾರೆಯೇ? ಅಮ್ಮನನ್ನು ಕರೆದುಕೊಂಡು ನಾನೂ ಹೋದೆ. ಅಪ್ಪನ ಹೆಸರಿಗೆ ಒಂದು ಪಂದ್ಯ ಆಡಿಸುತ್ತಾನೇನೋ ಅಂದುಕೊಂಡಿದ್ದೆ.

ಅವನು ಚೀಲದಿಂದ ತುಕ್ಕು ಹಿಡಿದ ಒಂದು ಕಬ್ಬಿಣದ ಗೂಟ ತೆಗೆದ. ಮೂಲೆಯ ಗೂಟದಿಂದ ಎರಡು ಹೆಜ್ಜೆ ಒಳಗೆ ಅದನ್ನು ಬಡಿದು ನೆಟ್ಟ. “ಇದು ಮೊದಲು ಇಲ್ಲೇ ಇತ್ತು. ಸ್ಕೂಲ್ ಮಕ್ಕಳ ಓಟದ ಗೆರೆಗೆ ಹಾಕಿದ್ದು” ಎಂದ. ಯಾರಿಗೂ ಏನೂ ಅರ್ಥವಾಗಲಿಲ್ಲ. ಆ ಗೂಟಕ್ಕೆ ದಾರ ಕಟ್ಟಿ, ಗೋಲಿನ ಆ ಬದಿಯ ಮೂಲೆಗೆ ಎಳೆದು, ಸುಣ್ಣ ಹಾಕುತ್ತಾ ಬಂದ. ಗೋಲಿನ ಹತ್ತಿರ ಬರುವಷ್ಟರಲ್ಲಿ ಗೆರೆ ಕಂಬಗಳಿಗಿಂತ ಒಂದು ಮೊಳ ಮುಂದಿತ್ತು. ಆಮೇಲೆ ಸರಿಯಾದ ಗೂಟಕ್ಕೆ ದಾರ ಕಟ್ಟಿ, ಕಂಬದಿಂದ ಕಂಬಕ್ಕೆ ಸರಿಯಾದ ಗೆರೆ ಹಾಕಿದ. ಎರಡು ಗೆರೆಯ ನಡುವೆ, ಎಡಗಂಬದ ಹತ್ತಿರ, ಹಿಂದಿನ ಗೆರೆಗೆ ತಾಗುವ ಹಾಗೆ ಚೆಂಡು ಇಟ್ಟ.

“ನೀನು ಒದ್ದ ಜಾಗದಲ್ಲಿ ನಿಂತ್ಕೋ” ಎಂದು ಚಿಕ್ಕಪ್ಪನನ್ನು ಕರೆದ. “ಏನು ಕಾಣುತ್ತೆ ಹೇಳು.”

ಚಿಕ್ಕಪ್ಪ ನಿಂತು ನೋಡಿದ. ಮುಂದಿನ ಗೆರೆ ಕಾಣುತ್ತಿತ್ತು, ಚೆಂಡು ಅದರ ಆಚೆಗಿತ್ತು. “ದಾಟಿದೆ” ಎಂದ.

ಗೆರೆ ಮಾಮ ಅಪ್ಪ ಅವತ್ತು ಬಿದ್ದಿದ್ದ ಜಾಗದಲ್ಲಿ ಮಣ್ಣಿನ ಮೇಲೆ ಮಲಗಿದ. ಐವತ್ತೈದು ದಾಟಿದ ಮನುಷ್ಯ. ಕೈ ಚಾಚಿ ಕಂಬದ ಗೆರೆ ಮುಟ್ಟಿದ. “ಭಾವನಿಗೆ ಕಂಡದ್ದು ಈ ಗೆರೆ. ದಾಟಿಲ್ಲ. ಇಬ್ಬರೂ ನಿಜ ಹೇಳಿದಿರಿ. ತಪ್ಪು ಗೂಟಕ್ಕೆ ದಾರ ಕಟ್ಟಿದವನು ನಾನು. ಗೋಲಿನ ಹತ್ತಿರ ಬಂದಾಗ ಗೊತ್ತಾಯ್ತು, ಬೇರೆ ಗೆರೆ ಹಾಕಿ ಮೊದಲಿನದನ್ನ ಪೊರಕೆಯಲ್ಲಿ ಗುಡಿಸಿದೆ. ಒದ್ದೆ ನೆಲ, ಎಡಗಡೆ ನಾಲ್ಕು ಹೆಜ್ಜೆಯಷ್ಟು ಹೋಗಲಿಲ್ಲ. ಆಟದಲ್ಲಿ ಹೇಗೂ ತುಳಿದುಹೋಗುತ್ತೆ ಅಂದುಕೊಂಡೆ.”

ಜಗಳದಲ್ಲಿ ಜನ ನುಗ್ಗಿ ಅದು ನಿಜವಾಗಿಯೂ ತುಳಿದುಹೋಗಿತ್ತು. ಉಳಿದ ಚೂರುಪಾರು ಸುಣ್ಣವನ್ನು ಆ ಸಂಜೆ ಒಬ್ಬನೇ ಬಂದು ಕೆರೆದು ಹಾಕಿದನಂತೆ. ಒಳಗಿನ ಗೂಟವನ್ನೂ ಕಿತ್ತುಕೊಂಡು ಹೋದನಂತೆ.

“ಯಾಕೆ ಹೇಳಲಿಲ್ಲ?” ಯಾರೋ ಕೇಳಿದರು.

“ಆಗಲೇ ಕಣ್ಣು ಮಂಜಾಗ್ತಿತ್ತು. ಎರಡು ಗೂಟದಲ್ಲಿ ಯಾವುದು ಅಂತ ತಿಳಿಯಲಿಲ್ಲ. ಇದು ಗೊತ್ತಾದ್ರೆ ನನ್ನ ಕೈಲಿ ಬೋರ್ಡ್ ಯಾರು ಬರೆಸ್ತಾರೆ ಅಂತ ಹೆದರಿಕೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ...” ಎನ್ನುತ್ತಾ ಎದ್ದು ಕೂತ.

ಚಿಕ್ಕಪ್ಪ ನಮ್ಮ ಹತ್ತಿರ ಬಂದು, ಅಮ್ಮನ ಮುಖ ನೋಡಲಾರದೆ ನನಗೆ ಹೇಳಿದ. “ನಿಮ್ಮಪ್ಪ ಸುಳ್ಳು ಹೇಳಿಲ್ಲಮ್ಮ. ನನ್ನ ಗೆಳೆಯ ಸುಳ್ಳು ಹೇಳಿರಲಿಲ್ಲ.” ಹೇಳುತ್ತಾ ಹೇಳುತ್ತಾ ಮಗುವಿನ ಹಾಗೆ ಅತ್ತುಬಿಟ್ಟ. ಅಲ್ಲಿದ್ದ ಗಂಡಸರೆಲ್ಲ ಮೂಗು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ನಾನು ನೋಡುತ್ತಿದ್ದದ್ದು ಹಿಟ್ಟು ಒರೆಸಿದ ಆ ಅಂಗೈಯನ್ನು. ಸುಣ್ಣ ಮೆತ್ತಿಕೊಂಡು ಬೆಳ್ಳಗಿತ್ತು.

ಮರುದಿನ ಬೆಳಗ್ಗೆ ಮೊದಲ ಬಸ್ಸು ಬಾಗಿಲು ಹಾಕಿದ್ದ ಬೇಕರಿಯ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ನಮ್ಮ ಮನೆಗೂ ಕೇಳಿಸಿತು. ಅಮ್ಮ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ತಟ್ಟೆಯ ಮೇಲೆ ಸೌಟಿನಿಂದ ಎರಡು ಸಲ ಬಡಿದು, ನೆಲದ ಮೇಲೆ ಕೂತುಬಿಟ್ಟಳು.

ಎರಡೇ ತಿಂಗಳಲ್ಲಿ ಲೀಗ್ ಒಂದಾಯಿತು. ಅಪ್ಪ ಕಣ್ಣುಮುಚ್ಚಿದ ಮೇಲೆ ಎಲ್ಲರಿಗೂ ಕಣ್ಣು ತೆರೆಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮೊದಲ ಪಂದ್ಯ ಆಚೆಯವರು ಗೆದ್ದರು. ಆಟ ಮುಗಿದ ಮೇಲೆ ಹೊಸ ನಾಯಕರು ಇಬ್ಬರೂ ಹಿಂದೆ ಸರಿದು ಚೆಂಡನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದು ನಲ್ಲಿಯ ಹತ್ತಿರ ಕೂತು, ನನ್ನ ಕಡೆ ನೋಡಿದ. “ಬಾ ಮಗಳೇ. ನಿಮ್ಮಪ್ಪನ ನೀರು ನೀನು ಹಾಕು.”

ನಾನು ಹೋದೆ. ಚೊಂಬು ತುಂಬಿಸಿ ನೀರು ಹಾಕಿದೆ. ಅಪ್ಪನನ್ನು ಹದಿನೆಂಟು ವರ್ಷ ಸುಳ್ಳುಗಾರ ಎಂದು ಕರೆದ ಮನುಷ್ಯ ನನ್ನ ಕಾಲ ಬುಡದಲ್ಲಿ ಕೂತು ಕೆಸರು ಉಜ್ಜಿದ. ಅವನ ಮೇಲೆ ನನಗೆ ಸಿಟ್ಟೇ ಉಳಿದಿರಲಿಲ್ಲ. ಕೊನೆಯ ಚೊಂಬನ್ನು ಅವನ ತಲೆಯ ಮೇಲೆ ಸುರಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಆಚೆಯವರು ಈಚೆಯವರು ಕೈ ಕುಲುಕಿದರು, ತಬ್ಬಿಕೊಂಡರು. ಗೆರೆ ಮಾಮ ದೂರದ ಮೂಲೆಯಲ್ಲಿ ದಾರ ಸುತ್ತುತ್ತಾ ನಿಂತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ನಾನು ನೋಡಲಿಲ್ಲ ಎಂದು ಅವನು ಅಂದುಕೊಂಡಿರಬೇಕು.

ಊರು ಅವನನ್ನು ಹೊಟ್ಟೆಗೆ ಹಾಕಿಕೊಂಡಿತು. ಹೋಗಲಿ ಬಿಡು, ವಯಸ್ಸಾದವನು, ಒಪ್ಪಿಕೊಂಡನಲ್ಲ ಎಂದರು. ಅಮ್ಮನೂ ದಿನಾ ಸಂಜೆ ಡಬ್ಬಿ ಕಟ್ಟಿಕೊಂಡು ಅವನ ಕೋಣೆಗೆ ಹೋಗುತ್ತಿದ್ದಳು. ನಮ್ಮ ಮನೆಗೆ ಊಟಕ್ಕೆ ಬರಲು ಅವನಿಗೆ ಧೈರ್ಯ ಇರಲಿಲ್ಲ. “ನೀನು ಹೆಂಗಸೋ ಕಲ್ಲೋ? ಅಪ್ಪನ ಜೀವ ತಿಂದವನು” ಎಂದು ಅಮ್ಮನನ್ನು ಕೇಳಿದೆ. “ನನ್ನ ತಮ್ಮ ಕಣೇ. ಏನು ಮಾಡಲಿ, ಕಿತ್ತು ಬಿಸಾಕಲಾ?” ಎಂದಳು. ಇನ್ನೊಂದು ದಿನ ಡಬ್ಬಿ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು. “ನಿನ್ನನ್ನ ಕೇಳ್ತಾನೆ. ನಮ್ಮ ಗಯ್ಯಾಳಿ ಒಂದು ಸಲ ಬಂದು ಬೈದು ಹೋಗಲಿ ಅಕ್ಕ, ಅಂತಾನೆ.” ನಾನು ಹೋಗಲಿಲ್ಲ. ಬೈದರೆ ಸಿಟ್ಟು ಇಳಿದುಬಿಡುತ್ತದೆ, ನನಗೆ ನನ್ನ ಬುದ್ಧಿ ಗೊತ್ತು. ಅಪ್ಪನ ಪರವಾಗಿ ಅದನ್ನು ಇಳಿಯಗೊಡಬಾರದು ಎಂದು ಹಟ ಹಿಡಿದೆ.

ಆ ವರ್ಷದ ಕೊನೆಗೆ ಒಂದು ಸೋಮವಾರ ಕೌಂಟರಿನ ಸಾಲಿನಲ್ಲಿ ಅವನು ನಿಂತಿದ್ದ. ಮೂವತ್ತು ಜನರ ಹಿಂದೆ. ನನ್ನ ಮಾಮ ಎಂದು ಹೇಳಿದ್ದರೆ ಯಾರಾದರೂ ಮುಂದೆ ಬಿಡುತ್ತಿದ್ದರು, ಹೇಳಲಿಲ್ಲ. ಸಾಲು ನೆಟ್ಟಗಿತ್ತು, ಅವನೂ ಅದರಲ್ಲಿ ನೆಟ್ಟಗೆ ನಿಂತಿದ್ದ. ಕಾಲು ಊದಿತ್ತು, ಉಸಿರಿಗೆ ಕಷ್ಟಪಡುತ್ತಿದ್ದ. ಒಂದು ಗಂಟೆ ಹಾಗೇ ನಿಲ್ಲಿಸಿದೆ ನಾನು. ಕಿಟಕಿಗೆ ಬಂದ.

“ಹೆಸರು?” ಎಂದೆ, ತಲೆಯೆತ್ತದೆ.

ಅವನು ಹೆಸರು ಹೇಳಿದ. ನನ್ನ ಕೈಗೆ ಅಕ್ಷರ ಕಲಿಸಿದವನ ಹೆಸರನ್ನು ಹೊರಗಿನವಳ ಹಾಗೆ ಬರೆದುಕೊಂಡೆ.

“ವಯಸ್ಸು?”

ಹೇಳಿದ. ಚೀಟಿ ಹರಿದು ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ. ಕಿಟಕಿಯ ಕಂಬಿಗೆ ಮುಖ ತಂದು ಮೆಲ್ಲಗೆ ಹೇಳಿದ. “ಬೈಯೇ. ಒಂದು ಸಲ ಬೈದುಬಿಡೇ, ಸಾಕು.”

“ಮುಂದಿನವರು ಬನ್ನಿ” ಎಂದೆ.

ಹನ್ನೊಂದು ದಿನಕ್ಕೆ ಹೋಗಿಬಿಟ್ಟ. ಅದೇ ಆಸ್ಪತ್ರೆಯಲ್ಲಿ, ನನ್ನ ಕೌಂಟರಿನಿಂದ ಎರಡು ಮಹಡಿ ಮೇಲೆ. ಆ ಹನ್ನೊಂದು ದಿನವೂ ನಾನು ಕೆಲಸಕ್ಕೆ ಹೋಗಿದ್ದೆ. ಮೆಟ್ಟಿಲ ಹತ್ತಿರ ಹೋಗಿ ಎರಡು ಸಲ ವಾಪಸ್ ಬಂದೆ. ನಾಳೆ ಹೋಗೋಣ, ನಾಳೆ ಹೋಗೋಣ ಅಂದುಕೊಂಡೆ.

ಅವನ ಕೋಣೆ ಖಾಲಿ ಮಾಡಲು ಅಮ್ಮನ ಜೊತೆ ಹೋದೆ. ಬ್ರಷ್ಷುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟಿದ್ದ. ಗೋಡೆಯ ಕ್ಯಾಲೆಂಡರ್ ನೆಟ್ಟಗಿತ್ತು. ಮಂಚದ ಕೆಳಗೆ ಆ ಗೂಟ ಇತ್ತು, ನಮ್ಮ ಬೇಕರಿಯ ಹಳೆಯ ಬ್ರೆಡ್ ಕಾಗದದಲ್ಲಿ ಸುತ್ತಿ. ಕಾಗದ ಹಳದಿಯಾಗಿ ಪುಡಿಪುಡಿಯಾಗುತ್ತಿತ್ತು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತೆ. ಅಮ್ಮ ಹೊರಗೆ ಬಣ್ಣದ ಡಬ್ಬಿಗಳನ್ನು ಮೂಟೆ ಕಟ್ಟುತ್ತಿದ್ದಳು.

“ಹೇಡಿ” ಎಂದೆ. ಬಾಯಿಂದ ತಾನಾಗಿಯೇ ಬಂತು. “ಹೇಡಿ ಕಣೋ ನೀನು. ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ನಿನಗೆ ಏನಾಗಿತ್ತು ರೋಗ? ಅಪ್ಪ ನಿನ್ನ ಎದುರಿಗೇ ಕೂತು ಬನ್ನಿಟ್ಟು ತೋರಿಸ್ತಿದ್ದನಲ್ಲ, ನಿನ್ನ ತಟ್ಟೆಗೆ ಬಡಿಸ್ತಿದ್ದನಲ್ಲ, ಹೇಗೆ ಗಂಟಲಲ್ಲಿ ಇಳೀತು ನಿನಗೆ ಅನ್ನ? ಎಲ್ಲರ ಬೈತಲೆ ತಿದ್ದಿದೆ, ಎಲ್ಲರ ಮನೆ ಕ್ಯಾಲೆಂಡರ್ ತಿದ್ದಿದೆ, ನಿನ್ನದೊಂದು ತಿದ್ದಿಕೊಳ್ಳೋಕೆ ಹದಿನೆಂಟು ವರ್ಷ ಬೇಕಾಯ್ತಾ? ಕಣ್ಣು ಕಾಣಲ್ಲ ಅಂದಿದ್ರೆ ನಾವು ಸಾಕ್ತಿರಲಿಲ್ವಾ ನಿನ್ನ? ಮೂರ್ಖ, ದರಿದ್ರದವನೇ...” ಅಲ್ಲಿಂದ ಮುಂದೆ ಮಾತು ಕೂಡಲಿಲ್ಲ. ಗೂಟ ಕೈಯಲ್ಲೇ ಇತ್ತು, ತುಕ್ಕು ಅಂಗೈಗೆಲ್ಲ ಹತ್ತಿತ್ತು.

ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ನಿಲ್ಲಿಸಬೇಡ” ಎಂದಳು. “ಬೈ. ಇನ್ನೂ ಸ್ವಲ್ಪ ಬೈ ಅವನಿಗೆ.”